ಐದು ಡಾಲರಿನ ದಿನ

1914ನೆಯ ಇಸವಿ, ಜನವರಿ 5, ಸೋಮವಾರ. ಅಮೆರಿಕದ ಡೆಟ್ರಾಯಿಟ್ ನಗರದ ಮೂರು ಪತ್ರಿಕೆಗಳ ವರದಿಗಾರರಿಗೆ, ಆ ಊರಿಗೆ ಅಂಟಿಕೊಂಡಂತಿರುವ ಹೈಲೆಂಡ್ ಪಾರ್ಕಿನ ಫೋರ್ಡ್ ಮೋಟಾರು ಕಂಪನಿಯ ಕಚೇರಿಯಿಂದ ಕರೆ ಬಂತು. ಅವರು ಹೋಗಿ ನೋಡಿದರೆ ಹೆನ್ರಿ ಫೋರ್ಡ್ ಕಿಟಕಿಯ ಬಳಿ ಸುಮ್ಮನೆ ನಿಂತಿದ್ದಾನೆ. ಅವನ ಪಾಲುದಾರನೂ ಕಂಪನಿಯ ಖಜಾಂಚಿಯೂ ಆದ ಜೇಮ್ಸ್ ಕೂಜೆನ್ಸ್ ಒಂದು ಹೇಳಿಕೆಯನ್ನು ಓದುತ್ತಿದ್ದಾನೆ. ಒಂಬತ್ತು ಗಂಟೆಯ ದುಡಿಮೆಯನ್ನು ಎಂಟು ಗಂಟೆಗೆ ಇಳಿಸಲಾಗಿದೆ. ಎರಡು ಪಾಳಿಗಳ ಬದಲು ಇನ್ನು ಮೂರು ಪಾಳಿಗಳಲ್ಲಿ ಕಾರ್ಖಾನೆ ನಡೆಯುವುದು. ಕನಿಷ್ಠ ದಿನಗೂಲಿ 2 ಡಾಲರು 34 ಸೆಂಟಿನಿಂದ 5 ಡಾಲರಿಗೆ ಏರುವುದು. ನೆಲ ಗುಡಿಸುವವನಿಗೂ ಇದೇ ದರ. ಮೊದಲ ವರ್ಷದಲ್ಲೇ ಇದಕ್ಕಾಗಿ ಸುಮಾರು 1 ಕೋಟಿ ಡಾಲರು ವೆಚ್ಚವಾಗಬಹುದೆಂದು ಅಂದಾಜು.

ಆ ಹೇಳಿಕೆಗೆ ಬಂದ ಪ್ರತಿಕ್ರಿಯೆಯನ್ನು ಇಂದು ಊಹಿಸಿಕೊಳ್ಳುವುದು ಕಷ್ಟ. ಕನಿಷ್ಠ ಕೂಲಿಯ ಕಾನೂನು ಅಮೆರಿಕದ ಇಡೀ ಒಕ್ಕೂಟಕ್ಕೆ ಅನ್ವಯಿಸುವಂತೆ ಜಾರಿಗೆ ಬಂದದ್ದು 1938ರಲ್ಲಿ. ಆಗಲೂ ಅದು ಗಂಟೆಗೆ 25 ಸೆಂಟು. ಫೋರ್ಡನ ಐದು ಡಾಲರನ್ನು ಎಂಟು ಗಂಟೆಗಳಿಗೆ ಹಂಚಿ ನೋಡಿ: ಗಂಟೆಗೆ ಅರವತ್ತೆರಡೂವರೆ ಸೆಂಟು. ಸರ್ಕಾರದ ಕಾಯಿದೆಗಿಂತ ಇಪ್ಪತ್ತನಾಲ್ಕು ವರ್ಷ ಮೊದಲೇ, ಆ ಕಾಯಿದೆ ಕೊಡಿಸಿದ್ದರ ಎರಡೂವರೆ ಪಟ್ಟು! ಸುದ್ದಿ ಹರಡಿದ ಮರುದಿನದಿಂದಲೇ ಕಾರ್ಖಾನೆಯ ಬಾಗಿಲಲ್ಲಿ ಜನ ನೆರೆಯತೊಡಗಿದರು. ದೂರದೂರದ ಊರುಗಳಿಂದ ರೈಲು ಹತ್ತಿ ಬಂದರು. ಹೊಸ ವ್ಯವಸ್ಥೆ ಜಾರಿಗೆ ಬಂದ ಜನವರಿ 12ರಂದು ಹತ್ತು ಸಾವಿರಕ್ಕೆ ಕಡಿಮೆಯಿಲ್ಲದ ಗುಂಪು ಕೊರೆಯುವ ಚಳಿಯಲ್ಲಿ ಬಾಗಿಲಿಗೆ ಒತ್ತಿ ನಿಂತಿತ್ತು. ಒಳಗೆ ಕೆಲಸವಿದ್ದವರಿಗೇ ದಾರಿ ಸಿಗದಂತಾದಾಗ, ಬೆಂಕಿ ಆರಿಸುವ ಕೊಳವೆಗಳಿಂದ ಆ ಗುಂಪಿನ ಮೇಲೆ ನೀರು ಹಾಯಿಸಿದರು. ಮೈಮೇಲಿನ ಬಟ್ಟೆ ಹೆಪ್ಪುಗಟ್ಟುವಂಥ ಚಳಿ ಅದು. ಅತ್ಯಂತ ಉದಾರಿ ಎಂದು ಜಗತ್ತು ಹೊಗಳುತ್ತಿದ್ದ ಮಾಲೀಕನ ಬಾಗಿಲಲ್ಲಿ, ಹೊಗಳಿಕೆಯ ಮೊದಲ ವಾರದಲ್ಲೇ ನಡೆದ ಸಂಗತಿ ಇದು.

ಇತ್ತ ವ್ಯಾಪಾರಸ್ಥರ ಪಾಳೆಯದಲ್ಲಿ ಕೋಲಾಹಲ. ಧರ್ಮದ ತತ್ತ್ವಗಳನ್ನು ಅವು ಸಲ್ಲದ ಜಾಗಕ್ಕೆ ಫೋರ್ಡ್ ತಂದಿದ್ದಾನೆಂದೂ, ಇದು ಆರ್ಥಿಕ ಪ್ರಮಾದ, ಅಪರಾಧಕ್ಕೆ ಸಮೀಪವಾದದ್ದೆಂದೂ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಕಿಡಿಕಾರಿತು. ಒಬ್ಬ ದೊಡ್ಡ ಮಾಲೀಕ ಕೂಲಿ ಹೆಚ್ಚಿಸಿದರೆ ಸಣ್ಣವರ ಗತಿಯೇನು, ಬೆಲೆಗಳೆಲ್ಲ ಏರವೆ, ಕಾರ್ಖಾನೆಗಳು ಮುಚ್ಚವೆ, ಕೊನೆಗೆ ಕೂಲಿಕಾರನೇ ಬೀದಿಗೆ ಬೀಳುವುದಿಲ್ಲವೆ? ಇವೇ ಪ್ರಶ್ನೆಗಳು ಇಂದಿಗೂ ಅದೇ ಅನುಕ್ರಮದಲ್ಲಿ ಕೇಳಿಬರುತ್ತವೆ. ಈ ಹದಿನೈದು ನಿಮಿಷಗಳಲ್ಲಿ ನಾನು ನಿಮ್ಮ ಮುಂದಿಡಬೇಕೆಂದಿರುವುದು ಈ ಐದು ಡಾಲರಿನ ಚರಿತ್ರೆಯನ್ನು: ಅದನ್ನು ಏಕೆ ಕೊಟ್ಟರು, ಯಾರಿಗೆ ಕೊಟ್ಟರು, ಅದರಿಂದ ಏನಾಯಿತು, ಅದು ಎಲ್ಲಿ ಹೋಯಿತು.

ಏಕೆ ಕೊಟ್ಟರು ಎಂಬುದಕ್ಕೆ ಒಂದು ಪ್ರಸಿದ್ಧ ಉತ್ತರವಿದೆ. ತನ್ನ ಕಾರ್ಮಿಕರು ತನ್ನದೇ ಕಾರುಗಳನ್ನು ಕೊಳ್ಳುವಂತಾಗಲಿ ಎಂದು ಫೋರ್ಡ್ ಕೂಲಿ ಏರಿಸಿದ. ಕೊಟ್ಟ ಹಣ ಕಾರಿನ ಬೆಲೆಯಾಗಿ ಅವನ ಗಲ್ಲಾಪೆಟ್ಟಿಗೆಗೇ ಮರಳಿತು ಎಂಬುದು ಆ ಉತ್ತರ. ಭಾಷಣಗಳಲ್ಲಿ, ಪಠ್ಯಪುಸ್ತಕಗಳಲ್ಲಿ ಇದನ್ನು ಎಷ್ಟು ಸಲ ಹೇಳಿದ್ದಾರೆಂದರೆ ಇದರ ಲೆಕ್ಕವನ್ನು ಕೂಡಿ ಕಳೆದು ನೋಡುವ ಗೋಜಿಗೆ ಹೆಚ್ಚು ಮಂದಿ ಹೋಗಿಲ್ಲ. ಅರ್ಥಶಾಸ್ತ್ರದ ತರಗತಿಯಲ್ಲಿ ನಾನು ಈ ಕಥೆ ಹೇಳಿದಾಗಲೆಲ್ಲ ವಿದ್ಯಾರ್ಥಿಗಳ ಕೈಗೆ ಸೀಮೆಸುಣ್ಣ ಕೊಟ್ಟು ಕರಿಹಲಗೆಯ ಮೇಲೆ ಲೆಕ್ಕ ಮಾಡಿಸುತ್ತಿದ್ದೆ. ನೀವೂ ಮನಸ್ಸಿನಲ್ಲೇ ಮಾಡಿ. ಆಗ ಕಾರ್ಖಾನೆಯಲ್ಲಿದ್ದವರು ಸುಮಾರು 14,000 ಮಂದಿ. ಕಾರಿನ ಬೆಲೆ ಸುಮಾರು 500 ಡಾಲರು. ಆ ಹದಿನಾಲ್ಕು ಸಾವಿರ ಮಂದಿಯಲ್ಲಿ ಒಬ್ಬರೂ ಬಿಡದೆ ವರ್ಷಕ್ಕೊಂದು ಕಾರು ಕೊಂಡರೆನ್ನಿ. ಕಂಪನಿಗೆ ಬರುವುದು 70 ಲಕ್ಷ ಡಾಲರು. ಕಂಪನಿ ಹೆಚ್ಚುವರಿಯಾಗಿ ಕೊಡಲು ಹೊರಟದ್ದು 1 ಕೋಟಿ. ಅಂದರೆ ಉಕ್ಕು, ಮರ, ರಬ್ಬರು ಯಾವುದಕ್ಕೂ ಕಾಸು ಖರ್ಚಿಲ್ಲದೆ ಕಾರುಗಳು ಆಕಾಶದಿಂದ ಉದುರಿದರೂ 30 ಲಕ್ಷ ಡಾಲರು ನಷ್ಟ! ಕಾರ್ಮಿಕನ ಕಡೆಯಿಂದ ನೋಡಿದರೂ ಹೀಗೆಯೇ. ದಿನಕ್ಕೆ 2 ಡಾಲರು 66 ಸೆಂಟಿನಂತೆ ಮುನ್ನೂರು ದಿನಕ್ಕೆ ಅವನಿಗೆ ಹೆಚ್ಚಾಗಿ ದಕ್ಕುವುದು 800 ಡಾಲರಿನ ಸಮೀಪ. ಅದು ಒಂದು ಕಾರಿನ ಬೆಲೆಯನ್ನೂ ಮೀರಿದ್ದು. ತನ್ನ ಅಂಗಡಿಯ ಬೆಲ್ಲ ಕೊಳ್ಳಲೆಂದು ಗಿರಾಕಿಯ ಕೈಗೆ ಬೆಲ್ಲದ ಬೆಲೆಗಿಂತ ಹೆಚ್ಚು ದುಡ್ಡು ಕೊಡುವ ಶೆಟ್ಟರು ಎಷ್ಟು ದಿನ ಅಂಗಡಿ ನಡೆಸಿಯಾರು? ಫೋರ್ಡ್ ಇಂಥ ಲೆಕ್ಕ ತಿಳಿಯದ ಮನುಷ್ಯನಾಗಿರಲಿಲ್ಲ. ಕೂಜೆನ್ಸನಂತೂ ಸೆಂಟಿಗೆ ಸೆಂಟು ಲೆಕ್ಕವಿಡುವವನೆಂದೇ ಹೆಸರಾದವನು.

ಹಾಗಾದರೆ ನಿಜವಾದ ಕಾರಣವೇನು? ಅದನ್ನು ಹುಡುಕಲು ಒಂದು ವರ್ಷ ಹಿಂದಕ್ಕೆ ಹೋಗಬೇಕು.

ಮಾಡೆಲ್ ಟಿ ಎಂಬ ಕಾರು 1908ರಲ್ಲಿ ಬಂತು. ಅದರ ಬೇಡಿಕೆಯನ್ನು ಪೂರೈಸಲು 1910ರಲ್ಲಿ ಹೈಲೆಂಡ್ ಪಾರ್ಕಿನ ಕಾರ್ಖಾನೆ ತೆರೆಯಿತು. 1913ರಲ್ಲಿ ಅಲ್ಲಿ ಒಂದು ಪ್ರಯೋಗ ನಡೆಯಿತು. ಅದುವರೆಗೆ ಕೆಲಸಗಾರರು ನಿಂತಿದ್ದ ಗಾಡಿಯ ಸುತ್ತ ಓಡಾಡಿ ಅದನ್ನು ಕಟ್ಟುತ್ತಿದ್ದರು. ಈಗ ಕೆಲಸಗಾರ ನಿಂತ, ಗಾಡಿ ಚಲಿಸಿತು. ಸರಪಳಿಯೊಂದು ಗಾಡಿಯ ಅಡಿಗಟ್ಟನ್ನು ಎಳೆದುಕೊಂಡು ಹೋಗುತ್ತದೆ. ಒಬ್ಬ ಒಂದು ಬೋಲ್ಟು ಇಡುತ್ತಾನೆ, ಮುಂದಿನವನು ಅದಕ್ಕೆ ನಟ್ಟು ಹಾಕುತ್ತಾನೆ, ಅದರ ಮುಂದಿನವನು ಬಿಗಿ ಮಾಡುತ್ತಾನೆ. ಒಂದು ಅಡಿಗಟ್ಟನ್ನು ಜೋಡಿಸಲು ಮೊದಲು ಹನ್ನೆರಡೂವರೆ ಗಂಟೆ ಹಿಡಿಯುತ್ತಿತ್ತು. 1914ರ ವೇಳೆಗೆ ಅದು 93 ನಿಮಿಷಗಳಿಗೆ ಇಳಿಯಿತು. ಯಂತ್ರಗಳ ಚರಿತ್ರೆಯಲ್ಲಿ ಇದು ದೊಡ್ಡ ಗೆಲುವೇ ಸರಿ. ಮನುಷ್ಯರ ಚರಿತ್ರೆಯಲ್ಲಿ ಏನೆಂಬುದನ್ನು ಬೇರೆಯಾಗಿ ಕೇಳಬೇಕು. ಅದುವರೆಗೆ ಕೈಯಲ್ಲಿ ಕಸಬಿದ್ದವನು ತನ್ನ ಕಸಬಿನ ಒಡೆಯನಾಗಿದ್ದ. ಈಗ ಅವನು ದಿನಕ್ಕೆ ನೂರಾರು ಸಲ ಒಂದೇ ತಿರುಪನ್ನು ತಿರುಗಿಸುವ ಕೈ ಮಾತ್ರ. ವೇಗವನ್ನು ಗೊತ್ತುಮಾಡುವುದು ಸರಪಳಿ. ಕುಳಿತುಕೊಳ್ಳುವಂತಿಲ್ಲ, ಮಾತಾಡುವಂತಿಲ್ಲ, ಆಕಳಿಸಲೂ ಬಿಡುವಿಲ್ಲ. ಚಾರ್ಲಿ ಚಾಪ್ಲಿನ್ನನ 1936ರ 'ಮಾಡರ್ನ್ ಟೈಮ್ಸ್' ಚಿತ್ರವನ್ನು ನೋಡಿದವರಿಗೆ ಇದನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ಆಲ್ಡಸ್ ಹಕ್ಸ್ಲಿ 1932ರ ತನ್ನ ಕಾದಂಬರಿಯಲ್ಲಿ ಕಲ್ಪಿಸಿದ ಲೋಕದ ಜನ ಶಕೆಯನ್ನೇ ಫೋರ್ಡನ ಹೆಸರಿನಿಂದ, ಮಾಡೆಲ್ ಟಿ ಹುಟ್ಟಿದ ವರ್ಷದಿಂದ ಎಣಿಸುತ್ತಾರೆ. (ಪ್ರಸಂಗವಶಾತ್ ಇನ್ನೊಂದು ಮಾತು. ಈ ಸರಪಳಿಯ ಒಡೆಯನಿಗೆ 1942ರಲ್ಲಿ ಭಾರತದಿಂದ ಒಂದು ಉಡುಗೊರೆ ತಲುಪಿತು. ಗಾಂಧೀಜಿಯವರು ತಮ್ಮ ಸಹಿ ಹಾಕಿ ಕಳುಹಿಸಿದ ಚರಕ ಅದು. ಫೋರ್ಡ್ ಅದನ್ನು ಸಂತೋಷದಿಂದಲೇ ಸ್ವೀಕರಿಸಿದನಂತೆ.)

ಹೊಸ ಕೆಲಸವನ್ನು ಕಂಡು ಜನ ಏನು ಮಾಡಿದರು? ಮುಷ್ಕರ ಹೂಡಲಿಲ್ಲ, ಮನವಿ ಬರೆಯಲಿಲ್ಲ, ಎದ್ದು ಹೋದರು. ಡೆಟ್ರಾಯಿಟಿನಲ್ಲಿ ಆಗ ಮೋಟಾರು ಕಾರ್ಖಾನೆಗಳಿಗೇನೂ ಬರವಿರಲಿಲ್ಲ. ಇಲ್ಲಿ ಬೇಸರವಾದರೆ ಮುಂದಿನ ಬೀದಿಯಲ್ಲಿ ಇನ್ನೊಂದು ಕೆಲಸ. 1913ರ ಒಂದೇ ವರ್ಷದಲ್ಲಿ ಸುಮಾರು 14,000 ಕೆಲಸಗಾರರನ್ನು ಸ್ಥಳದಲ್ಲಿ ಉಳಿಸಿಕೊಳ್ಳಲು ಫೋರ್ಡ್ ಕಂಪನಿ 52,000ಕ್ಕೂ ಹೆಚ್ಚು ಮಂದಿಯನ್ನು ಹೊಸದಾಗಿ ಸೇರಿಸಿಕೊಳ್ಳಬೇಕಾಯಿತು. ಶೇಕಡಾ 370ರಷ್ಟು ವಲಸೆ ಎಂದು ಲೆಕ್ಕಿಗರು ಹೇಳುತ್ತಾರೆ. ಇದರ ಮೇಲೆ, ಯಾವುದೇ ಒಂದು ದಿನ ನೂರರಲ್ಲಿ ಹತ್ತು ಮಂದಿ ಗೈರುಹಾಜರು. ತೂತು ಕೊಡದಲ್ಲಿ ನೀರು ತುಂಬಿದಂತೆ, ದಿನ ಬೆಳಗಾದರೆ ಹೊಸಬರನ್ನು ಹಿಡಿದು ತರುವುದು, ಅವರಿಗೆ ಕೆಲಸ ತೋರಿಸುವುದು, ಅಷ್ಟರಲ್ಲಿ ಅವರು ಮಾಯವಾಗುವುದು.

ಇಲ್ಲಿ ಒಂದು ಸೂಕ್ಷ್ಮವಿದೆ. ಅದನ್ನು ಹಿಡಿಯದೆ ಐದು ಡಾಲರು ಅರ್ಥವಾಗುವುದಿಲ್ಲ. ಮಗ್ಗದ ಮುಂದೆ ಕುಳಿತ ನೇಕಾರ ಒಂದು ದಿನ ಬರದಿದ್ದರೆ ನಷ್ಟ ಆ ಒಂದು ಮಗ್ಗಕ್ಕೆ. ಪಕ್ಕದ ಮಗ್ಗ ತನ್ನ ಪಾಡಿಗೆ ತಾನು ನಡೆಯುತ್ತದೆ. ಸರಪಳಿಯ ಪಕ್ಕದಲ್ಲಿ ಹಾಗಲ್ಲ. ಒಬ್ಬ ಬರದಿದ್ದರೆ, ಬಂದವನು ಮಂಕಾಗಿದ್ದರೆ, ಮುನಿಸಿಕೊಂಡು ಕೈ ನಿಧಾನ ಮಾಡಿದರೆ, ಅವನ ಹಿಂದಿನ ನೂರು ಮಂದಿಯೂ ಮುಂದಿನ ನೂರು ಮಂದಿಯೂ ಲಕ್ಷಗಟ್ಟಲೆ ಬೆಲೆಯ ಯಂತ್ರಗಳೂ ಅವನಿಗಾಗಿ ಕಾಯಬೇಕು. ಮನುಷ್ಯನ ಕಸುಬನ್ನು ಕಿತ್ತುಕೊಂಡ ಸರಪಳಿಯೇ ಅವನ ಕೈಗೆ ಒಂದು ಹೊಸ ಶಕ್ತಿಯನ್ನು, ನಿಲ್ಲಿಸುವ ಶಕ್ತಿಯನ್ನು, ಕೊಟ್ಟುಬಿಟ್ಟಿತ್ತು. ಅದೇ 1913ರಲ್ಲಿ ಐ.ಡಬ್ಲ್ಯು.ಡಬ್ಲ್ಯು. ಎಂಬ ಉಗ್ರ ಕಾರ್ಮಿಕ ಸಂಘದವರು ಡೆಟ್ರಾಯಿಟಿಗೆ ಬಂದು ಕಾರ್ಖಾನೆಗಳ ಬಾಗಿಲಲ್ಲಿ ಭಾಷಣ ಮಾಡುತ್ತಿದ್ದರು. ಸ್ಟುಡಿಬೇಕರ್ ಕಾರ್ಖಾನೆಯಲ್ಲಿ ಮುಷ್ಕರವೂ ನಡೆದಿತ್ತು. ಫೋರ್ಡನ ಆಡಳಿತಗಾರರು ಇದನ್ನೆಲ್ಲ ನೋಡುತ್ತಿದ್ದರು. ಆ ವರ್ಷದ ಅಕ್ಟೋಬರಿನಲ್ಲಿ ಕೂಲಿಯನ್ನು ಅಲ್ಪಸ್ವಲ್ಪ ಏರಿಸಿ, ಮೇಸ್ತ್ರಿಗಳು ಮನಬಂದಂತೆ ಜನರನ್ನು ಓಡಿಸುವುದನ್ನು ತಡೆದು ನೋಡಿದರು. ಸಾಲಲಿಲ್ಲ.

ಐದು ಡಾಲರು ಎಂಬ ಅಂಕಿ ಮೊದಲು ಯಾರ ಬಾಯಿಂದ ಬಂತು ಎಂಬ ಬಗ್ಗೆ ಅವರವರಲ್ಲೇ ಜಗಳವಿದೆ. ಉತ್ಪಾದನೆಯ ಮುಖ್ಯಸ್ಥನಾಗಿದ್ದ ಚಾರ್ಲ್ಸ್ ಸೋರೆನ್ಸನ್ ತನ್ನ ನೆನಪುಗಳಲ್ಲಿ ಹಲಗೆಯ ಮೇಲೆ ಅಂಕಿ ಬರೆದವನು ತಾನೆಂದು ಹೇಳಿಕೊಳ್ಳುತ್ತಾನೆ. ಕೂಜೆನ್ಸನ ಕಡೆಯವರು ಅದು ಕೂಜೆನ್ಸನದೇ ಆಲೋಚನೆ ಎನ್ನುತ್ತಾರೆ. ಕೀರ್ತಿಯೇನೋ ಫೋರ್ಡನ ಪಾಲಿಗೆ ಬಂತು. ಗೆದ್ದ ಯುದ್ಧಕ್ಕೆ ಸೇನಾಪತಿಗಳು ಬಹಳ. ಇದನ್ನು ಬೆಳೆಸಬೇಕಾಗಿಲ್ಲ.

ಯಾರಿಗೆ ಕೊಟ್ಟರು ಎಂಬ ಪ್ರಶ್ನೆಗೆ ಬರೋಣ. ಕಥೆ ಹೇಳುವವರು ಹೆಚ್ಚಾಗಿ ಬಿಟ್ಟುಬಿಡುವುದು ಈ ಭಾಗವನ್ನೇ.

ಆ ಐದು ಡಾಲರು ಪೂರ್ತಿ ಕೂಲಿಯಾಗಿರಲಿಲ್ಲ. ಕೂಲಿ ಹಿಂದಿನಂತೆ 2 ಡಾಲರು 34 ಸೆಂಟೇ. ಉಳಿದದ್ದು ಲಾಭದ ಪಾಲು. ಕೂಲಿ ದುಡಿದವನ ಹಕ್ಕು, ಆದರೆ ಲಾಭದ ಪಾಲು ಯೋಗ್ಯತೆಯಿದ್ದವನಿಗೆ ಸಲ್ಲುವ ಪ್ರಸಾದ! ಆ ಯೋಗ್ಯತೆಯನ್ನು ಅಳೆಯಲು ಕಂಪನಿ ಒಂದು ಸಮಾಜಶಾಸ್ತ್ರ ವಿಭಾಗವನ್ನೇ ತೆರೆಯಿತು. ಮೊದಲು ಜಾನ್ ಲೀ ಎಂಬ ಅಧಿಕಾರಿ, 1915ರ ಕೊನೆಯಿಂದ ಸ್ಯಾಮ್ಯುಯೆಲ್ ಮಾರ್ಕ್ವಿಸ್ ಎಂಬ ಪಾದ್ರಿ ಅದರ ಮುಖ್ಯಸ್ಥರು. ಅದರ ತನಿಖೆಗಾರರು ಕಾರಿನಲ್ಲಿ, ಜೊತೆಗೊಬ್ಬ ದುಭಾಷಿಯನ್ನು ಕೂರಿಸಿಕೊಂಡು, ಕಾರ್ಮಿಕರ ಮನೆಮನೆಗೆ ಹೋದರು. ಮದುವೆಯಾಗಿದೆಯೆ? ಹೆಂಡತಿ ಮಕ್ಕಳನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆಯೆ? ಕುಡಿಯುತ್ತಾನೆಯೆ? ಬ್ಯಾಂಕಿನಲ್ಲಿ ಎಷ್ಟಿದೆ? ಸಾಲವೆಷ್ಟು? ಯಾವ ಮತ? ಬಿಡುವಿನ ವೇಳೆ ಏನು ಮಾಡುತ್ತಾನೆ? ಮನೆಯಲ್ಲಿ ಹೊರಗಿನವರನ್ನು ಬಾಡಿಗೆಗೆ ಇಟ್ಟುಕೊಂಡಿದ್ದಾರೆಯೆ? ಈ ಕೊನೆಯ ಪ್ರಶ್ನೆ ಸಣ್ಣದೆಂದು ಕಾಣಬಹುದು. ಊರುಬಿಟ್ಟು ಬಂದ ಬಡ ಕುಟುಂಬಗಳು ನಾಲ್ಕಾರು ಮಂದಿ ತಮ್ಮ ಕಡೆಯವರಿಗೆ ಒಂದು ಕೋಣೆ ಕೊಟ್ಟು, ಅಡುಗೆ ಮಾಡಿ ಬಡಿಸಿ, ನಾಲ್ಕು ಕಾಸು ಉಳಿಸುತ್ತಿದ್ದದ್ದು ಅದರಿಂದಲೇ. ಕಂಪನಿಯ ದೃಷ್ಟಿಯಲ್ಲಿ ಅದು ಗೃಹಧರ್ಮಕ್ಕೆ ಕೇಡು. ಉತ್ತರ ಒಪ್ಪಿಗೆಯಾಗದಿದ್ದರೆ ಲಾಭದ ಪಾಲನ್ನು ತಡೆಹಿಡಿಯುತ್ತಿದ್ದರು. ತಿದ್ದಿಕೊಳ್ಳಲು ಆರು ತಿಂಗಳ ಗಡುವು. ಆಮೇಲೂ ತಿದ್ದಿಕೊಳ್ಳದವನಿಗೆ ಬಾಗಿಲು.

ಇಪ್ಪತ್ತೆರಡು ವರ್ಷ ತುಂಬದವರಿಗೆ, ಅವರ ದುಡಿಮೆಯನ್ನೇ ನೆಚ್ಚಿದ ತಾಯಿಯೋ ತಮ್ಮ ತಂಗಿಯರೋ ಇದ್ದ ಹೊರತು, ಪಾಲಿಲ್ಲ. ಕಂಪನಿಯಲ್ಲಿ ಆರು ತಿಂಗಳು ಕಳೆಯದವರಿಗೂ ಇಲ್ಲ. ಹೆಂಗಸರಿಗೆ ಮೊದಲು ಇಲ್ಲವೇ ಇಲ್ಲ. 1916ರಲ್ಲಿ ಅವರನ್ನೂ ಸೇರಿಸಿದರು. ಇನ್ನು ಹೊರದೇಶಗಳಿಂದ ಬಂದವರು. ಕಾರ್ಖಾನೆಯಲ್ಲಿ ನೂರಕ್ಕೆ ಎಪ್ಪತ್ತರಷ್ಟು ಮಂದಿ ಅಂಥವರೇ: ಪೋಲಿಷರು, ರಷ್ಯನರು, ರುಮೇನಿಯನರು, ಇಟಾಲಿಯನರು, ಸಿಸಿಲಿಯವರು. ಅವರಿಗಾಗಿ 1914ರಲ್ಲಿ ಇಂಗ್ಲಿಷ್ ಶಾಲೆ ತೆರೆದರು. ಆ ಶಾಲೆಯ ಪದವೀದಾನ ಒಂದು ನಾಟಕದಂತೆ ನಡೆಯುತ್ತಿತ್ತು. ರಂಗದ ಮೇಲೆ ಒಂದು ಭಾರಿ ಕಡಾಯಿ. ತಮ್ಮ ತಮ್ಮ ನಾಡಿನ ಉಡುಪು ತೊಟ್ಟ ವಿದ್ಯಾರ್ಥಿಗಳು ಹಡಗಿನಿಂದ ಇಳಿದುಬಂದು ಅದರೊಳಗೆ ಇಳಿಯುವರು. ಉಪಾಧ್ಯಾಯರು ಉದ್ದನೆಯ ಸೌಟುಗಳಿಂದ ಕಲಕುವರು. ಆಚೆಯ ಬದಿಯಿಂದ ಅದೇ ಜನ ಅಮೆರಿಕದ ಸೂಟು ತೊಟ್ಟು, ಕೈಯಲ್ಲಿ ಅಮೆರಿಕದ ಬಾವುಟ ಹಿಡಿದು ಹೊರಬರುವರು. ನೋಡಿದವರಿಗೆ ನಗುವೋ ಅಳುವೋ ತಿಳಿಯದು. ಒಪ್ಪದವರ ಗತಿಯೂ ಇಲ್ಲಿದೆ. ಐದು ಡಾಲರಿನ ಘೋಷಣೆಯಾದ ಅದೇ ಜನವರಿಯಲ್ಲಿ, ತಮ್ಮ ಹಳೆಯ ಪಂಚಾಂಗದ ಪ್ರಕಾರ ಕ್ರಿಸ್‌ಮಸ್ ಆಚರಿಸಲು ಕೆಲಸಕ್ಕೆ ಬಾರದ ಗ್ರೀಕ್ ಮತ್ತು ರಷ್ಯನ್ ಕಾರ್ಮಿಕರು ಎಂಟು ಒಂಬತ್ತು ನೂರು ಮಂದಿಯನ್ನು ಕಂಪನಿ ಕೆಲಸದಿಂದ ತೆಗೆದುಹಾಕಿತು. ಅಮೆರಿಕದಲ್ಲಿದ್ದರೆ ಅಮೆರಿಕದ ದಿನವೇ ಹಬ್ಬವಾಗಬೇಕು ಎಂಬುದು ನಿಯಮ. ಹೊರಗೆ ಹತ್ತು ಸಾವಿರ ಮಂದಿ ಕಾಯುತ್ತಿದ್ದಾಗ ಒಳಗಿನ ಒಂಬೈನೂರು ಮಂದಿಯನ್ನು ಕಳೆದುಕೊಳ್ಳಲು ಭಯವೇನು?

ಹಾಗೆಂದು ಇದನ್ನೆಲ್ಲ ಬರಿಯ ದಬ್ಬಾಳಿಕೆಯೆಂದು ತಳ್ಳಿಹಾಕುವ ಬರಹಗಾರರ ಮಾತೂ ನನಗೆ ಪೂರ್ತಿಯಾಗಿ ಒಪ್ಪಿಗೆಯಿಲ್ಲ. ಆ ಹಣದಿಂದ ಸಾವಿರಾರು ಕುಟುಂಬಗಳು ಒಳ್ಳೆಯ ಮನೆಗೆ ಹೋದವು, ಮಕ್ಕಳು ಶಾಲೆಗೆ ಹೋದರು, ಬ್ಯಾಂಕಿನಲ್ಲಿ ಮೊದಲ ಬಾರಿಗೆ ಅವರ ಹೆಸರು ಏರಿತು. ಈ ಎರಡು ಸತ್ಯಗಳನ್ನೂ ಒಟ್ಟಿಗೆ ಹಿಡಿದ ಒಂದೇ ಒಂದು ದಾಖಲೆಯನ್ನು ತೋರಿಸಿ ಎಂದರೆ ನಾನು ತೋರಿಸುವುದು ಅದೇ 1914ರ ಜನವರಿ ತಿಂಗಳಲ್ಲಿ ಫೋರ್ಡನಿಗೆ ಬಂದ ಒಂದು ಪತ್ರವನ್ನು. ಬರೆದವಳು ಸರಪಳಿಯ ಬಳಿ ದುಡಿಯುವವನೊಬ್ಬನ ಹೆಂಡತಿ, ಹೆಸರು ಹಾಕಿಲ್ಲ. ನಿಮ್ಮ ಸರಪಳಿ ಜನರನ್ನು ಗುಲಾಮರಂತೆ ದುಡಿಸುತ್ತಿದೆ ಎನ್ನುತ್ತಾಳೆ. ತನ್ನ ಗಂಡ ಮನೆಗೆ ಬಂದವನೇ ಬಿದ್ದುಕೊಂಡುಬಿಡುತ್ತಾನೆ, ರಾತ್ರಿಯ ಊಟಕ್ಕೂ ಏಳುವುದಿಲ್ಲ, ಅಷ್ಟು ಬಸವಳಿದಿರುತ್ತಾನೆ, ಇದಕ್ಕೆ ಏನಾದರೂ ಪರಿಹಾರವಿಲ್ಲವೆ ಎಂದು ಕೇಳುತ್ತಾಳೆ. ಆ ಐದು ಡಾಲರು ನೀವು ತಿಳಿದಿರುವುದಕ್ಕಿಂತಲೂ ದೊಡ್ಡ ವರವೆಂದೂ, ಆದರೆ ಅದನ್ನು ಅವರು ಪೂರ್ತಿಯಾಗಿ ದುಡಿದೇ ಪಡೆಯುತ್ತಾರೆಂದೂ ಸೇರಿಸುತ್ತಾಳೆ. ಕೃತಜ್ಞತೆ, ದೂರು ಎರಡೂ ಒಂದೇ ಉಸಿರಿನಲ್ಲಿ. ಈ ವಿಷಯದ ಮೇಲೆ ವಿದ್ವಾಂಸರು ಬರೆದ ಎಷ್ಟೋ ಹೊತ್ತಗೆಗಳಲ್ಲಿ ಇಷ್ಟು ಸಮತೂಕದ ಮಾತು ಸಿಕ್ಕುವುದಿಲ್ಲ.

ಏನಾಯಿತು ಎಂಬುದಕ್ಕೆ ಅಂಕಿಗಳೇ ಉತ್ತರ ಹೇಳುತ್ತವೆ. 1913ರಲ್ಲಿ ಶೇಕಡಾ 370ರಷ್ಟಿದ್ದ ವಲಸೆ 1914ರಲ್ಲಿ 54ಕ್ಕೆ, 1915ರಲ್ಲಿ 16ಕ್ಕೆ ಇಳಿಯಿತು. ಗೈರುಹಾಜರಿ ಬಹಳ ಕಡಿಮೆಯಾಯಿತು. ಕೊಡದ ತೂತು ಮುಚ್ಚಿತು. ಕಂಪನಿ ಮುಳುಗಲಿಲ್ಲ, 1916ರ ಜುಲೈಗೆ ಮುಗಿದ ವರ್ಷದಲ್ಲಿ ಅದರ ಲಾಭ 6 ಕೋಟಿ ಡಾಲರಿಗೆ ಕೆಲವೇ ಸಾವಿರ ಕಡಿಮೆ. ಕಾರಿನ ಬೆಲೆ ಏರಲೂ ಇಲ್ಲ. 1908ರಲ್ಲಿ 850 ಡಾಲರಿದ್ದದ್ದು 1916ರಲ್ಲಿ 360ಕ್ಕೆ ಬಂದಿತ್ತು. ಲಾಭ ಏರಿದ್ದಕ್ಕೂ ಬೆಲೆ ಇಳಿದದ್ದಕ್ಕೂ ಕೂಲಿಯೇ ಕಾರಣ ಎನ್ನುವುದು ಅವಸರದ ತೀರ್ಮಾನ. ಸರಪಳಿಯ ಫಲ ಆಗ ಕೈಗೆ ಬರುತ್ತಿತ್ತು, ಕೊಳ್ಳುವವರೂ ಮುಗಿಬಿದ್ದಿದ್ದರು. ಆದರೆ ಕೂಲಿ ಏರಿದರೆ ಸರ್ವನಾಶವೆಂದು ಶಾಪ ಹಾಕಿದವರ ಭವಿಷ್ಯವಾಣಿ ಸುಳ್ಳಾಯಿತೆಂಬುದರಲ್ಲಿ ಸಂಶಯವಿಲ್ಲ. 1922ರ ತನ್ನ ಆತ್ಮಕಥೆಯಲ್ಲಿ ಫೋರ್ಡನೇ ಈ ಐದು ಡಾಲರನ್ನು ತಾನು ಕೈಗೊಂಡ ಅತ್ಯುತ್ತಮ ಮಿತವ್ಯಯದ ಕ್ರಮಗಳ ಸಾಲಿಗೆ ಸೇರಿಸುತ್ತಾನೆ. ದಾನಿಯೆಂಬ ಬಿರುದನ್ನು ತಾನೇ ಬೇಡವೆಂದಂತೆ!

ಡೇನಿಯಲ್ ರಾಫ್ ಮತ್ತು ಲಾರೆನ್ಸ್ ಸಮ್ಮರ್ಸ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 1987ರಲ್ಲಿ ಈ ಪ್ರಸಂಗವನ್ನು ಮತ್ತೆ ಕೆದಕಿದರು. ಅವರಿಗೆ ಮುಖ್ಯವಾಗಿ ಕಂಡದ್ದು ಬಾಗಿಲಲ್ಲಿ ನಿಂತ ಸಾಲು. ಸಂತೆಯ ದರಕ್ಕೆ ಮಾಲು ಸಿಗುವಾಗ ಹೆಚ್ಚು ಕೊಡುವವರಾರು? ಹೊರಗೆ ಸಾವಿರಾರು ಮಂದಿ ಕಡಿಮೆಗೂ ಬರಲು ಸಿದ್ಧರಿರುವಾಗ ಫೋರ್ಡ್ ಒಳಗಿನವರಿಗೆ ಹೆಚ್ಚು ಕೊಟ್ಟನೆಂದರೆ, ಆ ಹೆಚ್ಚಿನ ಕೂಲಿಯೇ ಅವನಿಗೆ ಏನನ್ನೋ ದುಡಿದುಕೊಡುತ್ತಿತ್ತು. ಕೆಲಸ ಕಳೆದುಕೊಂಡರೆ ಇಂಥದು ಇನ್ನೆಲ್ಲೂ ಸಿಗದು ಎಂಬ ತಿಳಿವಳಿಕೆ ಕೈಯನ್ನು ಚುರುಕು ಮಾಡುತ್ತದೆ, ಬಾಯಿಯನ್ನು ಕಟ್ಟುತ್ತದೆ. ಒಳ್ಳೆಯ ಕೂಲಿ ದುಡಿಯುವವನನ್ನು ಚುರುಕಾಗಿಸುತ್ತದೆಂದು ಆಡಮ್ ಸ್ಮಿತ್ 1776ರಲ್ಲೇ ಹೇಳಿದ್ದ. ಹೊಟ್ಟೆಯ ಅನ್ನದ ಜೊತೆಗೆ ಈ ಭಯವನ್ನೂ ಲೆಕ್ಕಕ್ಕೆ ತಂದದ್ದು ನಮ್ಮ ಕಾಲದವರ ವಿದ್ಯೆ.

ಆದ್ದರಿಂದಲೇ ಎಲ್ಲ ಮಾಲೀಕರೂ ಫೋರ್ಡನಂತೆ ಮಾಡಬಹುದಾಗಿತ್ತು ಎನ್ನುವಂತಿಲ್ಲ. ಹನ್ನೆರಡೂವರೆ ಗಂಟೆಯ ಕೆಲಸವನ್ನು ಒಂದೂವರೆ ಗಂಟೆಗೆ ತಂದವನಿಗೆ ಕೊಡಲು ಕೈಯಲ್ಲಿ ಇತ್ತು. ನಾಲ್ಕು ಜನರನ್ನಿಟ್ಟುಕೊಂಡ ಬಡಗಿಯ ಅಂಗಡಿಗೆ ಎಲ್ಲಿಂದ ಬರಬೇಕು? ಆದರೂ ಒಬ್ಬ ದೊಡ್ಡವನು ದರ ಏರಿಸಿದರೆ ಸುತ್ತಲಿನವರು ತಮ್ಮ ಜನರನ್ನು ಉಳಿಸಿಕೊಳ್ಳಲು ಏರಿಸಲೇಬೇಕಾಗುತ್ತದೆ. ಡೆಟ್ರಾಯಿಟಿನ ಇತರ ಕಾರ್ಖಾನೆಗಳು ಗೊಣಗುತ್ತಲೇ ಹಿಂಬಾಲಿಸಿದವು. ಜನ ಹರಿದುಬಂದರು. 1910ರಲ್ಲಿ 4,120 ಜನರಿದ್ದ ಹೈಲೆಂಡ್ ಪಾರ್ಕಿನಲ್ಲಿ 1920ರಲ್ಲಿ 46,499 ಜನ. ಡೆಟ್ರಾಯಿಟ್ ನಾಲ್ಕೂಮುಕ್ಕಾಲು ಲಕ್ಷಕ್ಕಿಂತ ತುಸು ಕಡಿಮೆಯಿದ್ದದ್ದು ಹತ್ತು ಲಕ್ಷದ ಹತ್ತಿರ ಹೋಯಿತು. ದಕ್ಷಿಣದ ಹತ್ತಿಯ ಹೊಲಗಳನ್ನು ಬಿಟ್ಟು ಬಂದ ಕಪ್ಪು ಜನರಿಗೆ ಮುಂದಿನ ವರ್ಷಗಳಲ್ಲಿ ಇತರರ ಸಮ ಕೂಲಿ ಕೊಟ್ಟು ದೊಡ್ಡ ಸಂಖ್ಯೆಯಲ್ಲಿ ಕೆಲಸಕ್ಕೆ ತೆಗೆದುಕೊಂಡವನು ಫೋರ್ಡನೇ ಎಂಬುದನ್ನು ಅವನ ವಿರೋಧಿಗಳೂ ಒಪ್ಪಬೇಕು. ಬೆಂಕಿಯ ಬಾಯಿಯಂಥ ಅಚ್ಚುಕೋಣೆಗಳೇ ಅವರ ಪಾಲಿಗೆ ಹೆಚ್ಚಾಗಿ ಬಂದವೆಂಬುದನ್ನು ಅವನ ಅಭಿಮಾನಿಗಳು ಒಪ್ಪಬೇಕು. ಸುತ್ತಲಿನ ದರ ಹೀಗೆ ಎಳೆದುಕೊಂಡು ಏರುವುದು ನಮ್ಮ ಕಾಲದಲ್ಲೂ ಕಂಡಿದೆ. ಅಮೆಜಾನ್ ಕಂಪನಿ 2018ರ ನವೆಂಬರ್ 1ರಿಂದ ಅಮೆರಿಕದ ತನ್ನ ನೌಕರರಿಗೆಲ್ಲ ಗಂಟೆಗೆ ಕನಿಷ್ಠ 15 ಡಾಲರು ಗೊತ್ತುಮಾಡಿತು. ಅದು ಇರುವ ಪ್ರದೇಶಗಳಲ್ಲಿ ಬೇರೆ ಮಾಲೀಕರ ಜಾಹೀರಾತುಗಳ ದರವೂ ಏರಿದ್ದನ್ನು, ಹಲವರ ದರ ಸರಿಯಾಗಿ ಆ 15ರಲ್ಲೇ ಬಂದು ನಿಂತದ್ದನ್ನು ಸಂಶೋಧಕರು ಗುರುತಿಸಿದ್ದಾರೆ. ಅದೇ ವೇಳೆಗೆ ಗೋದಾಮಿನ ಕೆಲಸಗಾರರಿಗೆ ಕೊಡುತ್ತಿದ್ದ ಬೋನಸ್ಸನ್ನೂ ಷೇರುಗಳನ್ನೂ ಅದು ನಿಲ್ಲಿಸಿತೆಂಬುದು ಸುದ್ದಿಯ ಎರಡನೆಯ ಪುಟದಲ್ಲಿತ್ತು.

ಕೊನೆಗೆ, ಆ ಐದು ಡಾಲರು ಎಲ್ಲಿ ಹೋಯಿತು? ಮೊದಲು ಅದನ್ನು ಪ್ರಶ್ನಿಸಿದವರು ಕಾರ್ಮಿಕರಲ್ಲ, ಪಾಲುದಾರರು. ಕಂಪನಿಯಲ್ಲಿ ಹತ್ತನೆಯ ಒಂದು ಭಾಗದ ಷೇರು ಹೊಂದಿದ್ದ ಡಾಜ್ ಸಹೋದರರು 1916ರಲ್ಲಿ ನ್ಯಾಯಾಲಯಕ್ಕೆ ಹೋದರು. ಫೋರ್ಡ್ ಲಾಭಾಂಶವನ್ನು ತಡೆದು, ಕಾರ್ಖಾನೆ ಬೆಳೆಸುತ್ತೇನೆ, ಬೆಲೆ ಇಳಿಸುತ್ತೇನೆ, ಇನ್ನಷ್ಟು ಜನಕ್ಕೆ ಕೆಲಸ ಕೊಡುತ್ತೇನೆ ಎನ್ನುತ್ತಿದ್ದ. 1919ರಲ್ಲಿ ಮಿಷಿಗನ್ನಿನ ಸರ್ವೋಚ್ಚ ನ್ಯಾಯಾಲಯ, ವ್ಯಾಪಾರದ ಕಂಪನಿ ಇರುವುದು ಮುಖ್ಯವಾಗಿ ಷೇರುದಾರರ ಲಾಭಕ್ಕೆ ಎಂದು ಹೇಳಿ, 1 ಕೋಟಿ 93 ಲಕ್ಷ ಡಾಲರು ಲಾಭಾಂಶ ಹಂಚಲು ಆಜ್ಞೆ ಮಾಡಿತು. ಅಷ್ಟರಲ್ಲಿ ಮಹಾಯುದ್ಧ ಬಂದು ಹೋಗಿತ್ತು. 1914ರಿಂದ 1919ರವರೆಗೆ ಅಮೆರಿಕದಲ್ಲಿ ಬೆಲೆಗಳು ನೂರಕ್ಕೆ ಎಪ್ಪತ್ತರಷ್ಟು ಏರಿದವು. ಸಂತೆಯಲ್ಲಿ ಐದು ಡಾಲರು ಮೂರು ಡಾಲರಾಯಿತು. 1919ರಲ್ಲಿ ಕನಿಷ್ಠ ಕೂಲಿಯನ್ನು ಆರಕ್ಕೆ ಏರಿಸಿದರೂ ಹಿಂದಿನ ಬೆಲೆ ಬರಲಿಲ್ಲ. 1921ರ ಸುಮಾರಿಗೆ ಸಮಾಜಶಾಸ್ತ್ರ ವಿಭಾಗ ಮುಚ್ಚಿತು. ಪಾದ್ರಿ ಮಾರ್ಕ್ವಿಸ್ ರಾಜೀನಾಮೆ ಕೊಟ್ಟು ಹೊರನಡೆದ. ಮನೆಗೆ ಬಂದು ಬ್ಯಾಂಕಿನ ಪುಸ್ತಕ ನೋಡುವವರ ಜಾಗಕ್ಕೆ, ಕಾರ್ಖಾನೆಯೊಳಗೇ ಬೆನ್ನು ಹತ್ತುವ ಹ್ಯಾರಿ ಬೆನೆಟ್ಟನ ಕಾವಲುಪಡೆ ಬಂತು.

1929ರ ಕೊನೆಯಲ್ಲಿ ಷೇರುಪೇಟೆ ಕುಸಿದಾಗ ಫೋರ್ಡ್ ಮತ್ತೊಮ್ಮೆ ಜಗತ್ತನ್ನು ಬೆರಗುಗೊಳಿಸಿ ಏಳು ಡಾಲರಿನ ದಿನವನ್ನು ಸಾರಿದ. ಈ ಸಲ ಕೊಳ್ಳುವವರಿರಲಿಲ್ಲ. ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಉಳಿದವರ ಕೂಲಿ 1932ರ ವೇಳೆಗೆ ನಾಲ್ಕು ಡಾಲರಿಗೆ ಇಳಿಯಿತು. ಅದೇ ವರ್ಷ ಮಾರ್ಚ್ 7ರಂದು ಡೆಟ್ರಾಯಿಟಿನ ನಿರುದ್ಯೋಗಿಗಳು ಡಿಯರ್‌ಬಾರ್ನ್‌ನಲ್ಲಿದ್ದ ಫೋರ್ಡನ ರೂಜ್ ಕಾರ್ಖಾನೆಯ ಕಡೆ ಮೆರವಣಿಗೆ ಹೊರಟರು. ಬಾಗಿಲಲ್ಲಿ ಮತ್ತೆ ಚಳಿ, ಮತ್ತೆ ಗುಂಪು, ಮತ್ತೆ ಆ ನೀರಿನ ಕೊಳವೆಗಳು. ಈ ಸಲ ಅವುಗಳ ಜೊತೆಗೆ ಗುಂಡುಗಳೂ. ನಾಲ್ವರು ಅಲ್ಲೇ ಸತ್ತರು. ಗಾಯಗೊಂಡ ಐದನೆಯವನು ಆಮೇಲೆ ಸತ್ತ. ಅಪ್ಟನ್ ಸಿಂಕ್ಲೇರ್ 1937ರಲ್ಲಿ ಬರೆದ 'ದ ಫ್ಲಿವರ್ ಕಿಂಗ್' ಕಾದಂಬರಿಯಲ್ಲಿ ಈ ಮೆರವಣಿಗೆಯೂ ಬರುತ್ತದೆ. ಮೋಟಾರು ಕಾರ್ಮಿಕರ ಸಂಘದವರು ಆ ಪುಸ್ತಕದ ಪ್ರತಿಗಳನ್ನು ಕಾರ್ಖಾನೆಗಳ ಬಳಿ ಹಂಚಿದರು.

ಇತರ ದೊಡ್ಡ ಕಂಪನಿಗಳು 1937ರಲ್ಲೇ ಆ ಸಂಘವನ್ನು ಮಾನ್ಯ ಮಾಡಿದ್ದವು. ಫೋರ್ಡ್ ಇನ್ನೂ ನಾಲ್ಕು ವರ್ಷ ಹಟ ಹಿಡಿದ. 1941ರ ಏಪ್ರಿಲಿನಲ್ಲಿ ರೂಜ್ ಕಾರ್ಖಾನೆ ಮುಷ್ಕರದಿಂದ ನಿಂತಿತು. ಮೇ ತಿಂಗಳಲ್ಲಿ ಮತದಾನ ನಡೆದಾಗ ಯಾವ ಸಂಘವೂ ಬೇಡ ಎಂದವರು ನೂರಕ್ಕೆ ಮೂವರೂ ಇರಲಿಲ್ಲ. ಜೂನಿನಲ್ಲಿ ಕರಾರಿಗೆ ಸಹಿ ಬಿತ್ತು. ಮೋಟಾರು ಉದ್ಯಮದಲ್ಲಿ ಎಲ್ಲಿ ಅತಿ ಹೆಚ್ಚಿನ ಕೂಲಿ ಇದೆಯೋ ಅಷ್ಟನ್ನು ಕೊಡುವುದಾಗಿ ಕಂಪನಿ ಅದರಲ್ಲಿ ಒಪ್ಪಿಕೊಂಡಿತು. ಲಾಭದ ಪಾಲು ಎಂಬ ಮಾತು ಈ ಸಲ ಇರಲಿಲ್ಲ. ಮನೆಯಲ್ಲಿ ಯಾರನ್ನು ಬಾಡಿಗೆಗೆ ಇಟ್ಟುಕೊಂಡಿದ್ದೀರಿ ಎಂದು ಯಾರೂ ಕೇಳಲಿಲ್ಲ.